ಹಳೇ ಪೇಪರ್ ಎ ಅಂಡ್ ಪಿ ಇಟ್ಟುಕೊಂಡು ಗಲ್ಫ್‌ನಲ್ಲಿರುವವರಿಗೆ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಎಫ್‌ಎಎ, ಅಂದರೆ ಅಮೆರಿಕದ ವಿಮಾನಯಾನ ಇಲಾಖೆ, ಕೊಟ್ಟ ಹಳೇ ಕಾಗದದ ವಿಮಾನ ಮೆಕ್ಯಾನಿಕ್ ಸರ್ಟಿಫಿಕೇಟ್ (ಎ ಅಂಡ್ ಪಿ) ಇದ್ದರೆ ಅದು ರದ್ದಾಗಿಲ್ಲ. ಮತ್ತೆ ಪರೀಕ್ಷೆ ಬರೆಯಬೇಕು, ಅಮೆರಿಕಕ್ಕೇ ಹೋಗಬೇಕು ಅಂತ ಹ್ಯಾಂಗರ್‌ಗಳಲ್ಲಿ ಹೇಳುವ ಮಾತು ನಂಬಬೇಡಿ. ನಾನು ಶಾರ್ಜಾದಲ್ಲಿ ಕೂತೇ ಅದನ್ನು ಪ್ಲಾಸ್ಟಿಕ್ ಕಾರ್ಡ್‌ಗೆ ಬದಲಾಯಿಸಿಕೊಂಡೆ. ಶುಲ್ಕ ಬರೀ 2 ಡಾಲರ್. ತಲೆನೋವು ಇರುವುದು ಬೇರೆ ಕಡೆ, ವಿಳಾಸ ಮತ್ತು ಹೆಸರಿನಲ್ಲಿ.

ನಾನು ಬೆಂಗಳೂರಿನಲ್ಲಿ ಕೆಲವು ವರ್ಷ ವಿಮಾನ ಮೆಂಟೆನೆನ್ಸ್ ಕೆಲಸ ಮಾಡಿ, 1999ರಲ್ಲಿ ಅಮೆರಿಕಕ್ಕೆ ಹೋಗಿ ಎ ಅಂಡ್ ಪಿ ತೆಗೆದುಕೊಂಡವನು. ಗೊತ್ತಿಲ್ಲದವರಿಗೆ: ಏರ್‌ಫ್ರೇಮ್ (ವಿಮಾನದ ದೇಹ) ಮತ್ತು ಪವರ್‌ಪ್ಲಾಂಟ್ (ಇಂಜಿನ್). ಎರಡನ್ನೂ ಒಟ್ಟಿಗೆ ಕೇಳಬೇಕಾದರೆ 30 ತಿಂಗಳ ಅನುಭವ ತೋರಿಸಬೇಕು, ಆಮೇಲೆ ಮೂರು ರಿಟನ್, ಕೊನೆಗೆ ಎಕ್ಸಾಮಿನರ್ ಎದುರು ಓರಲ್ ಮತ್ತು ಪ್ರಾಕ್ಟಿಕಲ್. ಅಷ್ಟೆಲ್ಲ ಆದ ಮೇಲೆ ಪೋಸ್ಟಿನಲ್ಲಿ ಬಂದದ್ದು ಜೇಬಿಗೆ ಹಿಡಿಸುವ ಒಂದು ಚೂರು ಕಾಗದ. ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದೆ. ಗಲ್ಫ್‌ಗೆ ಬಂದ ಮೇಲೆ ಕೆಲಸವೆಲ್ಲ ಇಲ್ಲಿ ರಿಜಿಸ್ಟರ್ ಆದ ವಿಮಾನಗಳ ಮೇಲೆ, ಇಲ್ಲಿಯ ಲೈಸೆನ್ಸ್‌ನಲ್ಲೇ ನಡೆಯುತ್ತಿತ್ತು. ಅಮೆರಿಕದ ಕಾಗದ ಯಾರೂ ಕೇಳಲಿಲ್ಲ.

ಈಗ ಕೆಲಸ ದುಬೈನ ಅಲ್ ಮಕ್ತೂಮ್ ವಿಮಾನ ನಿಲ್ದಾಣದಲ್ಲಿ, ಖಾಸಗಿ ಜೆಟ್‌ಗಳ ಮೇಲೆ. ಅಲ್ಲಿ ಬರುವವುಗಳಲ್ಲಿ ಎನ್ ಅಕ್ಷರದಿಂದ ಶುರುವಾಗುವ ನಂಬರಿನ, ಅಂದರೆ ಅಮೆರಿಕದಲ್ಲಿ ರಿಜಿಸ್ಟರ್ ಆದ ವಿಮಾನಗಳೂ ಇರುತ್ತವೆ. ಅವು ದುಬೈನಲ್ಲಿ ನಿಂತಿದ್ದರೂ ನಿಯಮ ಅಮೆರಿಕದ್ದೇ. ಕೆಲಸ ಮುಗಿಸಿ ಸಹಿ ಹಾಕುವವನ ಹತ್ತಿರ ಎಫ್‌ಎಎ ಸರ್ಟಿಫಿಕೇಟ್ ಇರಬೇಕು, ಇಲ್ಲವೇ ಕೆಲಸ ಎಫ್‌ಎಎ ಒಪ್ಪಿದ ರಿಪೇರ್ ಸ್ಟೇಷನ್ ಹೆಸರಿನಲ್ಲಿ ಆಗಬೇಕು. ಹಾಗಾಗಿ ಕ್ವಾಲಿಟಿ ವಿಭಾಗದವರು ಕಾಪಿ ಕೇಳಿದರು. ಕೊಟ್ಟೆ. "ಸರ್, ಇದು ಪೇಪರ್. ಪ್ಲಾಸ್ಟಿಕ್ ಕಾರ್ಡ್ ಬೇಕು" ಅಂದರು.

ಅವರು ಹೇಳಿದ್ದು ಸರಿ. ಎಫ್‌ಎಎ 2003ರಿಂದ ಪ್ಲಾಸ್ಟಿಕ್ ಕಾರ್ಡ್ ಕೊಡುತ್ತಿದೆ. ಪೈಲಟ್‌ಗಳ ಕಾಗದ 2010ರ ಮಾರ್ಚ್ 31ರ ನಂತರ ನಡೆಯುವುದಿಲ್ಲ, ಮೆಕ್ಯಾನಿಕ್‌ಗಳದ್ದು 2013ರ ಮಾರ್ಚ್ 31ರ ನಂತರ. ಆದರೆ ಆ ನಿಯಮ ಸರಿಯಾಗಿ ಓದಿ ನೋಡಿ: ಕಾಗದ ಇಟ್ಟುಕೊಂಡು ಕೆಲಸಕ್ಕೆ ಸಹಿ ಹಾಕುವಂತಿಲ್ಲ ಅಂತ ಇದೆಯೇ ಹೊರತು ನೀವು ಗಳಿಸಿದ ರೇಟಿಂಗ್ (ಅರ್ಹತೆ) ಹೋಯಿತು ಅಂತ ಇಲ್ಲ. ಮೆಕ್ಯಾನಿಕ್ ಸರ್ಟಿಫಿಕೇಟ್‌ಗೆ ಕೊನೆಯ ದಿನಾಂಕವೇ ಇಲ್ಲ. ಎಷ್ಟು ವರ್ಷ ಬಿಟ್ಟು ಕೇಳಿದರೂ ಕಾರ್ಡ್ ಕೊಡುತ್ತಾರೆ.

ಅರ್ಜಿ ಎಸಿ 8060-56 ಅನ್ನುವ ಫಾರ್ಮ್. ಕಳೆದುಹೋದ, ಹಾಳಾದ, ಕಾಗದದ ಸರ್ಟಿಫಿಕೇಟ್ ಎಲ್ಲಕ್ಕೂ ಇದೇ. ಕಳಿಸಬೇಕಾದ್ದು ಒಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎಯ ಏರ್‌ಮನ್ ಸರ್ಟಿಫಿಕೇಷನ್ ಬ್ರಾಂಚ್‌ಗೆ. ಆನ್‌ಲೈನ್‌ನಲ್ಲೂ ಕೇಳಬಹುದು. ನಾನು ಮಾತ್ರ ಪೋಸ್ಟ್ ಮೂಲಕವೇ ಕಳಿಸಿದೆ, ಯಾಕೆಂದರೆ ವಿಳಾಸದ ವಿಷಯ ಬಿಡಿಸಿ ಬರೆಯಬೇಕಿತ್ತು.

ಇಲ್ಲಿರುವವರಿಗೆ ಗೊತ್ತೇ ಇದೆ, ಎಮಿರೇಟ್ಸ್‌ನಲ್ಲಿ ಪೋಸ್ಟ್‌ಮನ್ ಮನೆ ಬಾಗಿಲಿಗೆ ಬಂದು ಕಾಗದ ಕೊಡುವ ಪದ್ಧತಿ ಇಲ್ಲ. ಎಲ್ಲವೂ ಪಿಒ ಬಾಕ್ಸ್, ಅದೂ ಸಾಮಾನ್ಯವಾಗಿ ಕಂಪನಿಯದ್ದು. ಕಂಪನಿ ಬಿಟ್ಟರೆ ಬಾಕ್ಸೂ ಹೋಯಿತು. ನನ್ನ ಹಿಂದಿನ ಕಂಪನಿಯ ಬಾಕ್ಸ್‌ಗೆ ಬಂದ ನನ್ನ ಕಾಗದಗಳನ್ನು ಅಲ್ಲಿ ಯಾರೂ ಎತ್ತಿಡಲಿಲ್ಲ, ಕೇಳಿದರೆ ಉತ್ತರವೂ ಇಲ್ಲ. ಇನ್ನು ಎಫ್‌ಎಎಗೆ ಬರೀ ಪಿಒ ಬಾಕ್ಸ್ ಸಾಕಾಗುವುದಿಲ್ಲ. ನೀವು ವಾಸವಿರುವ ಜಾಗವನ್ನೂ ತಿಳಿಸಬೇಕು, ಸರಿಯಾದ ಬೀದಿ ವಿಳಾಸ ಇಲ್ಲದಿದ್ದರೆ ದಾರಿ ಬರೆದು ಕೊಡಬೇಕು, ಇಲ್ಲವೇ ನಕ್ಷೆ ಹಾಕಬೇಕು. ನಾನು ಬಿಳಿ ಹಾಳೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು, ಅಲ್ ನಹ್ದಾ, ಸಹಾರಾ ಸೆಂಟರ್, ಅಲ್ಲಿಂದ ನಮ್ಮ ಬಿಲ್ಡಿಂಗ್, ಮಹಡಿ, ಫ್ಲ್ಯಾಟ್ ನಂಬರ್ ಎಲ್ಲ ಗುರುತು ಮಾಡಿ ಫಾರ್ಮ್ ಜೊತೆ ಪಿನ್ ಮಾಡಿದೆ. ಪೋಸ್ಟ್‌ಗೆ ಈ ಸಲ ನನ್ನ ಸ್ವಂತ ಬಾಕ್ಸ್ ಬಾಡಿಗೆಗೆ ತಗೊಂಡೆ. ಖರ್ಚು ಅನ್ನಿಸಬಹುದು, ಆದರೆ ಲೈಸೆನ್ಸ್ ಕಾಗದ ಇನ್ನೊಬ್ಬರ ಕೈಗೆ ಬೀಳುವುದಕ್ಕಿಂತ ಎಷ್ಟೋ ವಾಸಿ.

2 ಡಾಲರ್ ಕಳಿಸುವುದೂ ಒಂದು ಕೆಲಸವೇ. ಪೋಸ್ಟ್‌ನಲ್ಲಾದರೆ ಅಮೆರಿಕದ ಬ್ಯಾಂಕಿನ ಚೆಕ್ ಅಥವಾ ಮನಿ ಆರ್ಡರ್ ಬೇಕು. ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗನಿಗೆ ಲಕೋಟೆ ಕಳಿಸಿದೆ, ಅವನು ಚೆಕ್ ಸೇರಿಸಿ ಮುಂದೆ ಹಾಕಿದ.

ಅವನು ಇನ್ನೊಂದಕ್ಕೂ ಬೇಕಾದ. ಇದನ್ನು ಜಾಸ್ತಿ ಜನ ಗಮನಿಸಿಲ್ಲ, ದಯವಿಟ್ಟು ಗಮನಿಸಿ. ಎಫ್‌ಎಎ ದಾಖಲೆಯಲ್ಲಿ ನಿಮ್ಮ ವಿಳಾಸ ಹೊರದೇಶದ್ದಾಗಿದ್ದು, ಅಮೆರಿಕದಲ್ಲಿ ವಾಸದ ವಿಳಾಸ ಇಲ್ಲದಿದ್ದರೆ, ಅಲ್ಲಿ ನಿಮ್ಮ ಪರವಾಗಿ ಕಾನೂನು ಕಾಗದ ತೆಗೆದುಕೊಳ್ಳುವ ಒಬ್ಬ ಏಜೆಂಟ್‌ನನ್ನು ಹೆಸರಿಸಲೇಬೇಕು. ಹೊಸದಾಗಿ ಅರ್ಜಿ ಹಾಕುವವರಿಗೆ ಇದು 2025ರ ಜನವರಿ 6ರಿಂದ, ಈಗಾಗಲೇ ಸರ್ಟಿಫಿಕೇಟ್ ಇದ್ದವರಿಗೆ 2025ರ ಜುಲೈ 7ರಿಂದ ಜಾರಿಯಲ್ಲಿದೆ. ಏಜೆಂಟ್ ಇಲ್ಲದಿದ್ದರೆ ಪ್ಲಾಸ್ಟಿಕ್ ಕಾರ್ಡ್ ಕೈಯಲ್ಲಿದ್ದರೂ ಕೆಲಸಕ್ಕೆ ಸಹಿ ಹಾಕುವಂತಿಲ್ಲ. ಏಜೆಂಟ್ ಸಂಸ್ಥೆಯೂ ಆಗಬಹುದು, 18 ದಾಟಿದ ವ್ಯಕ್ತಿಯೂ ಆಗಬಹುದು. ಅವರ ವಿಳಾಸ ಪಿಒ ಬಾಕ್ಸ್ ಆಗಿರಬಾರದು. ಎಫ್‌ಎಎಯ ಪೋರ್ಟಲ್‌ನಲ್ಲಿ ನೋಂದಣಿಗೆ ದುಡ್ಡಿಲ್ಲ. ಏಜೆಂಟ್ ಆಗಲು ವರ್ಷಕ್ಕಿಷ್ಟು ಅಂತ ತೆಗೆದುಕೊಳ್ಳುವ ಸಂಸ್ಥೆಗಳಿವೆ, ನಂಬಿಕೆಯ ಬಂಧು ಇದ್ದರೆ ಅದು ಬೇಕಿಲ್ಲ. ಆದರೆ ಅವರನ್ನು ಕೇಳಿ, ಒಪ್ಪಿದ ಮೇಲೆಯೇ ಹೆಸರು ಹಾಕಿ. ಎಫ್‌ಎಎಯಿಂದ ಕಾಗದ ಬಂದರೆ ಅದೇ ದಿನ ಫೋಟೋ ತೆಗೆದು ಕಳಿಸುವಷ್ಟು ಜವಾಬ್ದಾರಿ ಇರುವವರು ಬೇಕು.

ಕೆಲವರು ಬಂಧುಗಳ ಮನೆಯನ್ನೇ ತಮ್ಮ ಮನೆ ಅಂತ ಬರೆದು ಇದರಿಂದ ತಪ್ಪಿಸಿಕೊಳ್ಳುತ್ತಾರೆ. ಹಾಗೆ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಹಿ ಹಾಕಿ ವಿಮಾನ ಬಿಡುವವರು ನಾವು, ನಮ್ಮ ಸ್ವಂತ ಕಾಗದದಲ್ಲೇ ಸುಳ್ಳಿರಬಾರದು ಅಲ್ವಾ.

ಹೆಸರಿನ ವಿಷಯ ನಮ್ಮ ಕಡೆಯವರಿಗೇ ಜಾಸ್ತಿ ಕಾಡುವುದು. ಹಳೇ ಸರ್ಟಿಫಿಕೇಟ್‌ನಲ್ಲಿ ಎರಡು ಇನಿಷಿಯಲ್, ಆಮೇಲೆ ಹೆಸರು. ಈಗಿನ ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಪೂರ್ತಿ ಬಿಡಿಸಿ ಸರ್‌ನೇಮ್ ಜಾಗದಲ್ಲಿ ಕೂತಿವೆ. ಎಫ್‌ಎಎ ದಾಖಲೆಯಲ್ಲಿ ಹೆಸರು ಬದಲಿಸಲು ಮದುವೆ ಪತ್ರ, ಕೋರ್ಟ್ ಆದೇಶದಂಥ ದಾಖಲೆ ಬೇಕು. ಇನಿಷಿಯಲ್ ಬಿಡಿಸಿದ್ದಕ್ಕೆ ಅಂಥದ್ದು ಎಲ್ಲಿಂದ ತರುವುದು? ನಾನು ಅದಕ್ಕೆ ಕೈ ಹಾಕದೆ ಹಳೇ ಹೆಸರಿನಲ್ಲೇ ಕಾರ್ಡ್ ಕೇಳಿದೆ. ಎರಡೂ ಹೆಸರಿನವನು ಒಬ್ಬನೇ ಅನ್ನುವ ಅಫಿಡವಿಟ್‌ಗೆ ಭಾರತದ ಕಾನ್ಸುಲೇಟ್‌ನಿಂದ ಅಟೆಸ್ಟ್ ಮಾಡಿಸಿ ಕಂಪನಿಗೆ ಕೊಟ್ಟೆ. ಕ್ವಾಲಿಟಿಯವರು ಒಪ್ಪಿದರು.

ಕೆಲವು ವಾರ ಕಾದ ಮೇಲೆ ಕಾರ್ಡ್ ಬಂತು. ಅದರ ಮೇಲೆ ಚಾರ್ಲ್ಸ್ ಟೇಲರ್ ಚಿತ್ರ. 1903ರಲ್ಲಿ ರೈಟ್ ಸಹೋದರರ ವಿಮಾನಕ್ಕೆ ಆರೇ ವಾರದಲ್ಲಿ ಇಂಜಿನ್ ಕಟ್ಟಿಕೊಟ್ಟ ಮೆಕ್ಯಾನಿಕ್. ಪೈಲಟ್‌ಗಳ ಕಾರ್ಡ್‌ನಲ್ಲಿ ರೈಟ್ ಸಹೋದರರು, ನಮ್ಮದರಲ್ಲಿ ನಮ್ಮವನು. ನೋಡಿ ನಿಜಕ್ಕೂ ಖುಷಿಯಾಯಿತು.

ಕಾರ್ಡ್ ಬಂತು ಅಂತ ಮಾರನೇ ದಿನವೇ ಸಹಿ ಹಾಕಲು ಹೋಗಬೇಡಿ. ಎಫ್‌ಎಎಯ 65.83ನೇ ನಿಯಮ ನೋಡಿ. ಹಿಂದಿನ 24 ತಿಂಗಳಲ್ಲಿ ಕನಿಷ್ಠ 6 ತಿಂಗಳು ಈ ಸರ್ಟಿಫಿಕೇಟ್ ಅಡಿಯಲ್ಲಿ ಕೆಲಸ ಮಾಡಿರಬೇಕು, ಅಥವಾ ಮೆಕ್ಯಾನಿಕ್‌ಗಳ ಮೇಲುಸ್ತುವಾರಿ ನೋಡಿರಬೇಕು. ಬೇರೆ ದೇಶದ ಲೈಸೆನ್ಸ್‌ನಲ್ಲಿ ಮಾಡಿದ್ದೆಲ್ಲ ಇದಕ್ಕೆ ಸೇರುತ್ತದೆ ಅಂತ ನಾವೇ ತೀರ್ಮಾನಿಸಿಕೊಳ್ಳುವುದು ಬೇಡ. ನಾನು ಸದ್ಯ ಎ ಅಂಡ್ ಪಿ ಇರುವ ಸಹೋದ್ಯೋಗಿಯ ಉಸ್ತುವಾರಿಯಲ್ಲಿ ಕೆಲಸ ಮಾಡುತ್ತಿದ್ದೇನೆ, ಸಹಿ ಅವರದ್ದು. ಪ್ರತಿ ಕೆಲಸದ ದಿನಾಂಕ, ವಿಮಾನದ ನಂಬರ್, ಏನು ಮಾಡಿದೆ ಅನ್ನುವುದನ್ನು ಲಾಗ್‌ಬುಕ್‌ನಲ್ಲಿ ಬರೆದು ಅವರಿಂದ ಸಹಿ ಹಾಕಿಸಿಕೊಳ್ಳುತ್ತೇನೆ. ಇನ್ನು ಮುಂದೆ ಮನೆ ಬದಲಿಸಿದರೆ 30 ದಿನದೊಳಗೆ ಒಕ್ಲಹೋಮಕ್ಕೆ ತಿಳಿಸಬೇಕು. ಫ್ಲ್ಯಾಟ್ ಬಾಡಿಗೆ ಕರಾರಿನ ಫೈಲ್‌ನಲ್ಲೇ ಒಂದು ಚೀಟಿ ಬರೆದು ಅಂಟಿಸಿದ್ದೇನೆ.