ಯೂನಿಟ್‌ನಲ್ಲಿ ನೋವು ಹೇಳಿಕೊಂಡರೂ ಯಾರೂ ಕೇಳದಿದ್ದರೆ

ಕೋಲಾರ, ಮುಳಬಾಗಿಲು, ಬಂಗಾರಪೇಟೆ ಕಡೆಯಿಂದ ಸೇನೆಯಲ್ಲಿರುವ ಹುಡುಗರಿಗೂ ಅವರ ಮನೆಯವರಿಗೂ ಒಂದು ಮಾತು. ಸೊಂಟ ನೋವು, ಮಂಡಿ ನೋವು, ಫೈರಿಂಗ್ ಆದಮೇಲೆ ಕಿವಿ ಗುಯ್‌ಗುಡುವುದು, ಇಂಥದ್ದಕ್ಕೆ ಒಂದು ಮಾತ್ರೆ ಕೊಟ್ಟು ಕಳಿಸಿಬಿಡುವುದುಂಟು. ನಾಟಕ ಅಂತಾರೇನೋ, ಮೆಡಿಕಲ್ ಕೆಟಗರಿ (ದೇಹ ಎಷ್ಟು ಫಿಟ್ ಎಂದು ಸೇನೆ ಕೊಡುವ ದರ್ಜೆ) ಇಳಿಯುತ್ತೇನೋ ಎಂಬ ಭಯಕ್ಕೆ ಹುಡುಗರು ಸುಮ್ಮನಾಗುತ್ತಾರೆ. ದಯವಿಟ್ಟು ಸುಮ್ಮನಾಗಬೇಡಿ.

ನೋವು ಬಂದಾಗಲೆಲ್ಲ ಸಿಕ್ ರಿಪೋರ್ಟ್ ಮಾಡಿ, ಅಂದರೆ ಹುಷಾರಿಲ್ಲ ಎಂದು ಯೂನಿಟ್‌ನಲ್ಲಿ ಬರೆಸಿ ಡಾಕ್ಟರಿಗೆ ತೋರಿಸಿ. ಎಂಐ ರೂಮಿನಲ್ಲಿ (ಯೂನಿಟ್‌ನ ಚಿಕಿತ್ಸಾ ಕೊಠಡಿ) ಸುಮ್ನೆ 'ತುಂಬಾ ನೋವು ಸಾರ್' ಅಂದರೆ ಸಾಲದು. ಯಾವಾಗಿನಿಂದ, ಯಾವ ಕೆಲಸ ಮಾಡುವಾಗ, ಏನು ಮಾಡೋಕೆ ಆಗುತ್ತಿಲ್ಲ, ಹಿಂದಿನ ಮಾತ್ರೆಯಿಂದ ಏನಾಯಿತು, ಇಷ್ಟನ್ನೂ ಹೇಳಿ. ಕಾಲು ಜೋಮು ಹಿಡಿಯುತ್ತಿದ್ದರೆ ಅದನ್ನಂತೂ ಮರೆಯಬೇಡಿ. ಕಡಿಮೆಯಾಗದಿದ್ದರೆ ಮಿಲಿಟರಿ ಆಸ್ಪತ್ರೆಯ ಸ್ಪೆಷಲಿಸ್ಟ್ ಹತ್ತಿರ ಕಳಿಸಿ ಎಂದು ವಿನಯವಾಗಿ, ನೇರವಾಗಿ ಕೇಳಿ.

ರಜೆಯಲ್ಲಿ ಊರಿಗೆ ಬಂದಾಗ ಜಾಸ್ತಿಯಾದರೆ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಕಮಾಂಡ್ ಆಸ್ಪತ್ರೆ ಎಂಬ ಮಿಲಿಟರಿ ಆಸ್ಪತ್ರೆ ಇದೆ. ಐಡಿ ಕಾರ್ಡ್, ರಜೆ ಪತ್ರ ಜೊತೆಗಿರಲಿ. ತೀರಾ ತುರ್ತಾದರೆ ಮೊದಲು ಹತ್ತಿರದ ಆಸ್ಪತ್ರೆಗೇ ಹೋಗಿ, ಯೂನಿಟ್‌ಗೆ ಅವತ್ತೇ ತಿಳಿಸಿ.

ಇಷ್ಟು ಒತ್ತಿ ಹೇಳೋಕೆ ಕಾರಣವಿದೆ. ಈ ಕಾಯಿಲೆ ಸೇವೆಯಿಂದ ಬಂತಾ, ಸೇವೆಯಿಂದ ಜಾಸ್ತಿಯಾಯಿತಾ ಎಂದು ಸೇನೆಯಿಂದ ಬಿಡುಗಡೆಯಾಗುವ ಹೊತ್ತಿನ ಮೆಡಿಕಲ್ ಬೋರ್ಡ್ (ವೈದ್ಯರ ಮಂಡಳಿ) ನೋಡುತ್ತದೆ. ಅಂಗವೈಕಲ್ಯ ಪಿಂಚಣಿಗೆ ಅದೇ ಮುಖ್ಯ. ದಾಖಲೆಯೇ ಇಲ್ಲದಿದ್ದರೆ ಆಗ ಏನಂತ ತೋರಿಸುವುದು, ಅಲ್ವಾ? ಸಿಕ್ಕ ಪ್ರತಿ ಚೀಟಿ, ರಿಪೋರ್ಟಿನ ಜೆರಾಕ್ಸ್ ಮನೆಯಲ್ಲಿಡಿ. ಮನೆಯವರೂ ಫೋನಿನಲ್ಲಿ ಊಟ ಆಯ್ತಾ ಅಂತ ಕೇಳುವಾಗ, ಸಿಕ್ ರಿಪೋರ್ಟ್ ಮಾಡಿದೆಯಾ ಅಂತಲೂ ಕೇಳಿ.