ಕೈ ಬಿಗಿಯಾದ ಕಾಲದಲ್ಲೂ ಕ್ರೈಸ್ತ ಸಭೆಯ ಬಡವರ ನಿಧಿ ನಿಲ್ಲದಂತೆ ನಡೆಸಿದ್ದು

ತಿಂಗಳಿಗೆ ಇಂತಿಷ್ಟು ರೂಪಾಯಿ ಎಂದು ಬರೆಸಿಕೊಂಡ ವಂತಿಗೆ ಕಷ್ಟಕಾಲದಲ್ಲಿ ಎಲ್ಲಕ್ಕಿಂತ ಮೊದಲು ಮುರಿಯುತ್ತದೆ. ಖಜಾಂಚಿಯಾದವರಿಗೆಲ್ಲ ಇದು ಗೊತ್ತು. ಗಲ್ಫಿನ ಕೆಲಸ ಹೋದ ಮನೆ ಎರಡು ತಿಂಗಳು ಬಾಕಿ ಉಳಿಸುತ್ತದೆ, ಮೂರನೆಯ ತಿಂಗಳು ನಾಚಿಕೆಯಿಂದ ಆರಾಧನೆಗೇ ಬರುವುದಿಲ್ಲ. ನೆರವು ಬೇಕಾದ ಮನೆಯೇ ಹೀಗೆ ಕಣ್ಮರೆಯಾಗುತ್ತದೆ. ಅದಕ್ಕೇ ಉಡುಪಿ ಕಡೆಯ ನಮ್ಮ ಸಭೆಯಲ್ಲಿ (ಅರವತ್ತರ ಆಸುಪಾಸು ಮನೆಗಳು) ಬಡವರ ನಿಧಿಗೆ ರೂಪಾಯಿ ಲೆಕ್ಕ ಬಿಟ್ಟು ಗಳಿಕೆಯ ಪಾಲಿನ ಲೆಕ್ಕ ತಂದೆವು. ಪಾಲು ಅಂದರೆ ಯಾರೂ ಸರಿಯಾಗಿ ಕೊಡುವುದಿಲ್ಲ, ನಿಧಿ ಬರಿದಾಗುತ್ತದೆ ಎಂದು ಸಮಿತಿಯಲ್ಲಿ ಹಿರಿಯರೇ ಹೇಳಿದ್ದರು. 2020ರ ಲಾಕ್‌ಡೌನಿನಲ್ಲೂ ನಮ್ಮ ನೆರವು ಒಂದು ತಿಂಗಳೂ ತಪ್ಪಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಹೇಳಿದ ಕ್ರಮವೇ ಬುನಾದಿ: ವಾರದ ಮೊದಲ ದಿನ, ಬಂದ ಗಳಿಕೆಗೆ ತಕ್ಕಂತೆ, ಮನೆಯಲ್ಲೇ ತೆಗೆದಿಡುವುದು. ದಶಮಾಂಶ (ಗಳಿಕೆಯ ಹತ್ತನೇ ಒಂದು ಪಾಲು) ಕೊಡುವ ಮನೆಗಳಲ್ಲಿ ಅದರ ಕಾಲು ಭಾಗ ಬಡವರ ನಿಧಿಗೆ. ಉಳಿದವರು ಗಳಿಕೆಯ ಶೇ. 2ರಿಂದ ಶುರು ಮಾಡಲಿ. ಸಂಬಳದವರಿಗೆ ಕೈಗೆ ಬಂದದ್ದೇ ಲೆಕ್ಕ, ಪಿಎಫ್ ಹಿಡಿಯುವುದು ಬೇಡ. ಅಡಿಕೆಯವರು ಮಾರಿದ ದಿನವೇ ಲೆಕ್ಕ ಹಾಕಬೇಕು: ಗೊಬ್ಬರ, ಮದ್ದು, ಕೂಲಿ ಕಳೆಯಬಹುದು, ಮನೆಖರ್ಚು ಕಳೆಯಬಾರದು. ಹೆಚ್ಚು ತಕರಾರು ಬಂದದ್ದು ಸಾಲದ ಕಂತಿನ ವಿಷಯಕ್ಕೆ. ಮನೆ, ವಾಹನದ ಕಂತು ಕಳೆಯುವಂತಿಲ್ಲ, ಆಸ್ಪತ್ರೆಯ ಸಾಲ ಕಳೆಯಬಹುದು ಎಂದು ತೀರ್ಮಾನಿಸಿದೆವು. ಗಳಿಕೆಯೇ ಇಲ್ಲದ ತಿಂಗಳಲ್ಲಿ ಪಾಲು ಸೊನ್ನೆ, ಬಾಕಿ ಎಂಬುದೇ ಇಲ್ಲ. ಬಾಕಿ ಪಟ್ಟಿ ತೆಗೆದ ಮೇಲೆ ಜನ ಆರಾಧನೆಗೆ ಮರಳಿದರು, ನನಗೆ ದುಡ್ಡಿಗಿಂತ ದೊಡ್ಡ ಲಾಭ ಅದೇ.

ಸೊನ್ನೆಯ ತಿಂಗಳಲ್ಲೂ ಕೊಡುವ ಅಭ್ಯಾಸ ಉಳಿಯಲೆಂದು ಹಿಡಿಯಕ್ಕಿ. ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಿಂದ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಡುತ್ತ ಬಂದಿದ್ದಾರೆ, ಅದೇ ಕ್ರಮ. ಹಿಡಿಗೆ ಸುಮಾರು 40–50 ಗ್ರಾಂ, ದಿನಕ್ಕೊಂದು ಹಿಡಿಯಾದರೆ ಮನೆಗೆ ತಿಂಗಳಿಗೆ ಒಂದೂಕಾಲು ಕಿಲೋ, ಸಭೆಗೆ ಎಪ್ಪತ್ತು ಕಿಲೋ ಹತ್ತಿರ. ಇದರಲ್ಲಿ ಕೆಡುವುದು ಎರಡು ಕಡೆ. ಕುಚ್ಚಲಕ್ಕಿಗೆ ಬೆಳ್ತಿಗೆ (ಬಿಳಿ ಅಕ್ಕಿ) ಬೆರೆತರೆ ಬೆಳ್ತಿಗೆ ಮುದ್ದೆಯಾಗುವಾಗಲೂ ಕುಚ್ಚಲು ಬೆಂದಿರುವುದಿಲ್ಲ, ಪಡೆದವರು ಬೇಸರಿಸದೆ ಇರುತ್ತಾರೆಯೇ? ಎರಡು ಡ್ರಮ್ ಇಡಿ. ಮಳೆಗಾಲದಲ್ಲಿ ತಿಂಗಳಿಡೀ ಕೂಡಿಟ್ಟರೆ ಹುಳು ಗ್ಯಾರಂಟಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಸಂಗ್ರಹಿಸಿ ಅದೇ ವಾರ ಹಂಚಿಬಿಡಬೇಕು.

ಇನ್ನೊಂದು ಪ್ರಯೋಗ ಮಲ್ಲಿಗೆಯದು. ಶಂಕರಪುರ ಮಲ್ಲಿಗೆ ಕಟ್ಟುವ ಮನೆಗಳಿಗೆ ರೂಪಾಯಿ ಹೇಳಿ ಪ್ರಯೋಜನವಿಲ್ಲ. ಹೂ ಮಾರುವ ಅಳತೆಯಾದ ಅಟ್ಟೆಗೆ ಇಂದು ಕೆಲವು ನೂರು ಇದ್ದರೆ ಮದುವೆ ಕಾಲದಲ್ಲಿ ಎರಡು ಸಾವಿರ ದಾಟುತ್ತದೆ. ಒಂದು ಗಿಡವನ್ನೇ ನಿಧಿಗೆ ಬಿಡಿ ಎಂದೆವು. ಕೊಯ್ದ ಹೂವೆಲ್ಲ ಒಂದೇ ಬುಟ್ಟಿಗೆ ಬೀಳುವುದರಿಂದ ಅದು ನಡೆಯಲಿಲ್ಲ. ಶನಿವಾರ ಕಟ್ಟಿದ ಹೂವಿನ ಮೊದಲ ಚೆಂಡು ನಿಧಿಗೆ ಎಂದಾಗ ಕೂಡಿಬಂತು. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಲೆಕ್ಕ ಸುಲಭ. ದರ ಗೊತ್ತಾಗುವ ಮೊದಲೇ ಚೆಂಡು ಪ್ರತ್ಯೇಕವಾಗಿರುತ್ತದೆ, ದರ ಏರಿದ ದಿನ ಕೈ ಹಿಂದೆಗೆಯುವ ಪ್ರಶ್ನೆಯೇ ಇಲ್ಲ. ಪ್ರಥಮಫಲವೆಂದರೆ ಇದೇ ಅಲ್ಲವೇ?

ಬಂದ ನೂರರಲ್ಲಿ ಎಪ್ಪತ್ತು ಖರ್ಚು, ಮೂವತ್ತು ಗಂಟು. ಈ ಮೂವತ್ತೇ ನಿಧಿಯ ಜೀವ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಕಡಲಿಗಿಳಿಯಲು ನಿಷೇಧ, ಮಲ್ಪೆ ಬಂದರು ನಂಬಿದ ಮನೆಗಳಿಗೆ ಆಗ ಗಳಿಕೆಯಿಲ್ಲ, ಶಾಲೆಯ ಶುಲ್ಕವೂ ಆಗಲೇ. ಕೊಡುವವರು ಕಡಿಮೆಯಾಗಿ ಕೇಳುವವರು ಹೆಚ್ಚಾಗುವ ಆ ಎರಡು ತಿಂಗಳಿಗಾಗಿಯೇ ಗಂಟು. ಅದನ್ನು ಒಂದೇ ಎಫ್‌ಡಿಯಲ್ಲಿ ಇಡಬೇಡಿ. ಹತ್ತು ಹತ್ತು ಸಾವಿರದ ತುಂಡುಗಳಾಗಿ ಇಟ್ಟರೆ ತುರ್ತಿಗೆ ಒಂದನ್ನು ಮುರಿದರೆ ಸಾಕು, ಉಳಿದವುಗಳ ಬಡ್ಡಿ ಉಳಿಯುತ್ತದೆ. ಬಡವರ ಗಂಟಿನಿಂದ ಛಾವಣಿ ರಿಪೇರಿಗೆ ಕೈಗಡ ಕೇಳುವವರು ಇದ್ದೇ ಇರುತ್ತಾರೆ, ಕೊಡಲೇಬಾರದು.

ವಿದೇಶದಲ್ಲಿರುವವರ ಹಣದಲ್ಲಿ ಜಾಗ್ರತೆ. ಭಾರತದ ಪಾಸ್‌ಪೋರ್ಟ್ ಇದ್ದು ದುಬೈಯಲ್ಲಿ ದುಡಿಯುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಪಾಸ್‌ಪೋರ್ಟಿನ ಪ್ರತಿಯನ್ನು ರಶೀದಿಯ ಜೊತೆ ಇಡಿ. ಒಸಿಐ ಕಾರ್ಡಿನವರು, ಅಂದರೆ ಬೇರೆ ದೇಶದ ಪೌರರಾದ ನಮ್ಮವರೇ ಕೊಟ್ಟರೂ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾನೂನು) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. 80ಜಿ (ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ) ಆಸೆ ತೋರಿಸಿಯೂ ಹಣ ಎತ್ತಬೇಡಿ: ಆ ಅನುಮತಿ ಇರುವ ಟ್ರಸ್ಟಿಗೆ ಕೊಟ್ಟರಷ್ಟೇ ರಿಯಾಯಿತಿ, ಅದೂ ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ, 2000 ರೂ. ಮೀರಿದ ನಗದಿಗೆ ಇಲ್ಲ.

ಹಂಚುವಾಗ ನಗದು ಕೊಡುವುದು ಅಪರೂಪ. ಶುಲ್ಕ ಶಾಲೆಯ ಹೆಸರಿಗೆ ಚೆಕ್, ಔಷಧಿಗೆ ಮೆಡಿಕಲ್ ಅಂಗಡಿಯಲ್ಲಿ ಖಾತೆ, ತಿಂಗಳ ಕೊನೆಗೆ ನಾವೇ ತೀರಿಸುವುದು. ಪುಸ್ತಕದಲ್ಲಿ ಹೆಸರಿಲ್ಲ, ನಂಬರ್ ಮಾತ್ರ. ಹೆಸರು ಗೊತ್ತಿರುವುದು ಸಭಾಪಾಲಕರಿಗೆ ಮತ್ತು ಇಬ್ಬರಿಗೆ. ಫೋಟೊ ಇಲ್ಲ, ವೇದಿಕೆಗೆ ಕರೆಯುವುದಿಲ್ಲ. ಕೇಳದೆಯೇ ಯಾವ ಮನೆ ಕಷ್ಟದಲ್ಲಿದೆ ಎಂದು ತಿಳಿಯಲು ನಮ್ಮಲ್ಲೊಂದು ಉಪಾಯವಿದೆ, ಬಹಿರಂಗವಾದರೆ ಕೆಲಸ ಮಾಡದು, ಆದ್ದರಿಂದ ಇಲ್ಲಿ ಬರೆಯುವುದಿಲ್ಲ. ಶುರು ಮಾಡುವವರು ಬೆಳೆಹಬ್ಬದಲ್ಲಿ ಸಭೆಗೆ ತಂದ ಫಸಲಿನ ಏಲಂ ಮುಗಿದ ವಾರವೇ ಶುರು ಮಾಡಿ. ಆಗ ಬಂದ ಹಣದ ಮೂರನೇ ಒಂದನ್ನು ಮೊದಲ ಗಂಟಾಗಿ ಇಟ್ಟುಕೊಂಡರೆ ಮುಂದಿನ ಜೂನ್ ದಾಟುತ್ತದೆ.