ಅಲರ್ಜಿಗೆ ಚರ್ಮದ ಟೆಸ್ಟ್ ಮಾಡಿಸೋ ಮುಂಚೆ ಮಾತ್ರೆಗಳನ್ನ ತೋರಿಸಿ

ಅಲರ್ಜಿ ತರಬಹುದಾದ ವಸ್ತುಗಳ ಹನಿ ಹಾಕಿ ಚರ್ಮಕ್ಕೆ ಸಣ್ಣಗೆ ಚುಚ್ಚಿ ನೋಡೋ ಸ್ಕಿನ್ ಪ್ರಿಕ್ ಟೆಸ್ಟ್‌ಗೆ ದಿನ ಗೊತ್ತಾದ ಕೂಡಲೇ, ನೀವು ತಗೊಳ್ತಿರೋ ಎಲ್ಲ ಮಾತ್ರೆ, ಸಿರಪ್‌ಗಳ ಫೋಟೊ ತೆಗೆದು ಡಾಕ್ಟರಿಗೆ ತೋರಿಸಿ, ಯಾವುದನ್ನ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಕೇಳಿ. ಸಿಟ್ರಿಜಿನ್, ಲಿವೋಸಿಟ್ರಿಜಿನ್ ಥರದ ಅಲರ್ಜಿ ಮಾತ್ರೆಗಳನ್ನ ಸಾಮಾನ್ಯವಾಗಿ 5ರಿಂದ 7 ದಿನ ಮೊದಲೇ ಬಿಡಿಸ್ತಾರೆ. ಮಾಂಟೆಲುಕಾಸ್ಟ್ ಜೊತೆ ಸೇರಿಸಿ ಕೊಡೋ ಮಾತ್ರೆಯಲ್ಲಿ, ಎಷ್ಟೋ ನೆಗಡಿ ಸಿರಪ್‌ಗಳಲ್ಲಿ ಕೂಡ ಇಂಥ ಔಷಧಿ ಇರುತ್ತೆ. ಸ್ಟ್ರಿಪ್ ಹಿಂದಿನ ಸಣ್ಣಕ್ಷರ ದಯವಿಟ್ಟು ಓದಿ. ಚುಚ್ಚಿದ ಜಾಗ 15-20 ನಿಮಿಷದಲ್ಲಿ ಗುಳ್ಳೆ ಏಳೋದು ಅಲರ್ಜಿ ಆದಾಗ ಮೈಯಲ್ಲಿ ಬಿಡುಗಡೆಯಾಗೋ ರಾಸಾಯನಿಕವಾದ ಹಿಸ್ಟಮಿನ್‌ನಿಂದ. ಮಾತ್ರೆ ಅದನ್ನೇ ತಡೆದರೆ ಅಲರ್ಜಿ ಇದ್ದರೂ ಇಲ್ಲ ಅಂತ ಬರುತ್ತೆ. ಕೈ ಮೇಲೆ ಒಂದು ಚುಕ್ಕೆಗೆ ಬರೀ ಹಿಸ್ಟಮಿನ್ ಹಾಕಿರ್ತಾರೆ. ಅದೇ ಊದಿಲ್ಲ ಅಂದ್ರೆ ಉಳಿದ ಚುಕ್ಕೆಗಳಲ್ಲಿ "ಇಲ್ಲ" ಅಂತ ಬಂದದ್ದನ್ನ ನಂಬೋ ಹಾಗಿಲ್ಲ. ಮಾತ್ರೆ ಬಿಟ್ಟರೆ ಮೈಯೆಲ್ಲ ದದ್ದು ಏಳೋರು ಐಜಿಇ (ಅಲರ್ಜಿಗೆ ಕಾರಣವಾಗೋ ಪ್ರತಿಕಾಯ) ರಕ್ತ ಪರೀಕ್ಷೆ ಬಗ್ಗೆ ಕೇಳಿ, ಅದಕ್ಕೆ ಏನೂ ನಿಲ್ಲಿಸಬೇಕಿಲ್ಲ. ಅಸ್ತಮಾ ಇನ್ಹೇಲರ್ ಮಾತ್ರ ನೀವಾಗೇ ಯಾವತ್ತೂ ಬಿಡಬೇಡಿ. ಕಾಂಗ್ರೆಸ್ ಗಿಡ, ಹೇರ್ ಡೈ, ಒಡವೆಯಲ್ಲಿರೋ ನಿಕ್ಕಲ್‌ನಿಂದ ಬರೋ ಕಜ್ಜಿಗೆ ಈ ಎರಡೂ ಟೆಸ್ಟ್ ಉಪಯೋಗಕ್ಕೆ ಬರಲ್ಲ. ಅದಕ್ಕೆ ಬೆನ್ನಿಗೆ 2 ದಿನ ಅಂಟಿಸಿಡೋ ಪ್ಯಾಚ್ ಟೆಸ್ಟೇ ಆಗಬೇಕು. ಅದಕ್ಕೆ ಸಿಟ್ರಿಜಿನ್ ಅಷ್ಟಾಗಿ ಅಡ್ಡಿಯಲ್ಲ, ಬೆನ್ನಿಗೆ ಹಚ್ಚೋ ಸ್ಟೀರಾಯ್ಡ್ ಮುಲಾಮು ಅಡ್ಡಿ. ಇನ್ನು ನೂರಾರು ಆಹಾರದ ಪಟ್ಟಿ ಕೊಡೋ ಐಜಿಜಿ (ಇನ್ನೊಂದು ಬಗೆಯ ಪ್ರತಿಕಾಯ) ರಕ್ತ ಪರೀಕ್ಷೆ ಪ್ಯಾಕೇಜ್‌ಗೆ ದುಡ್ಡು ಹಾಕಬೇಡಿ. ಐಜಿಜಿ ತೋರಿಸೋದು ನೀವು ಆ ಆಹಾರ ತಿಂದಿದ್ದೀರಿ ಅನ್ನೋದನ್ನ, ಅಲರ್ಜಿಯನ್ನಲ್ಲ. ಅದನ್ನ ನಂಬಿ ಮಕ್ಕಳಿಗೆ ಹಾಲು, ಗೋಧಿ ನಿಲ್ಲಿಸೋದಂತೂ ಬೇಡವೇ ಬೇಡ.